ಉಡಿಯೂ ಇಲ್ಲ, ಹೆಸರೂ ಇಲ್ಲ

ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬೈದು ಹೊರಗೆ ಹಾಕಲಿಲ್ಲ. ಕೇಳಿದವರು ನೀನು ಪುಣ್ಯವಂತೆ ಎನ್ನುತ್ತಾರೆ. ಎಂಥ ಪುಣ್ಯ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಾಗಿಲು ಹಾಕಿದ್ದರೆ ಬಡಿಯಬಹುದಿತ್ತು. ಹೋಳಿಗೆ ಬಡಿಸಿ, ಇನ್ನಷ್ಟು ತುಪ್ಪ ಹಾಕಲೇ ಎಂದು ಕೇಳಿ, ನಿನ್ನ ಮದುವೆ ಮದುವೆಯೇ ಅಲ್ಲ ಎಂಬುದನ್ನು ಬಾಯಿಬಿಟ್ಟು ಹೇಳದೆಯೇ ತಿಳಿಸುವ ಮನೆಯ ಜೊತೆ ಜಗಳ ಆಡುವುದು ಹೇಗೆ? ಅದನ್ನು ಕಲಿಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಕಲಿತ ಮೇಲೂ ಗೆದ್ದೆ ಎಂದು ಹೇಳಲಾರೆ.

ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿದ್ದ ಆ ಮನೆಯಲ್ಲಿ ದೇವರಮನೆ ಅಂತ ಬೇರೆ ಇರಲಿಲ್ಲ. ಮುಂಬಾಗಿಲ ಪಕ್ಕ ಕೋಟು ತೂಗುಹಾಕಲೆಂದು ಕಟ್ಟಿದ ಒಂದು ಕ್ಲಾಸೆಟ್ ಇತ್ತು. ಆ ಊರಿನ ಸೆಕೆಗೆ ಕೋಟು ಯಾರಿಗೆ ಬೇಕು? ಅಪ್ಪ ಅದರ ಕಂಬಿ ಕಿತ್ತು, ಹಲಗೆ ಹೊಡೆದು, ಧಾರವಾಡದಿಂದ ತಂದ ದೇವರನ್ನು ಅಲ್ಲಿ ಕೂರಿಸಿದ. ಒಳಗೆ ಒಬ್ಬರಿಗೆ ಮಾತ್ರ ಜಾಗ. ಅಪ್ಪ ಮಣೆ ಹಾಕಿಕೊಂಡು ಒಳಗೆ. ಅಮ್ಮ, ಅಣ್ಣ ಪ್ರಶಾಂತ, ನಾನು ಹೊರಗೆ ಕಾರ್ಪೆಟ್ಟಿನ ಮೇಲೆ ಸಾಲಾಗಿ. ಊದಿನಕಡ್ಡಿ ಹಚ್ಚುವ ಮೊದಲು ಅಣ್ಣ ಕುರ್ಚಿ ಹತ್ತಿ ಸ್ಮೋಕ್ ಅಲಾರಮ್ಮಿನ ಬ್ಯಾಟರಿ ಕೀಳಬೇಕು, ಅದು ಅವನ ಪೂಜೆ. ಹೂ ಬಿಡಿಸಿಡುವುದು ನನ್ನ ಕೆಲಸ. ಶ್ರಾವಣ ಶುಕ್ರವಾರದ ಗೌರಿಪೂಜೆ ನಮ್ಮಲ್ಲಿ ಶನಿವಾರ ನಡೆಯುತ್ತಿತ್ತು, ಯಾಕೆಂದರೆ ಶುಕ್ರವಾರ ಅಪ್ಪನಿಗೆ ಆಫೀಸು, ನಮಗೆ ಶಾಲೆ. ದೇವಿ ಇದಕ್ಕೆ ಯಾವತ್ತೂ ತಕರಾರು ಮಾಡಿದ್ದು ನನಗೆ ಗೊತ್ತಿಲ್ಲ.

ಪೂಜೆಗೆ ಮೊದಲು ಸಂಕಲ್ಪ. ಇದು ಯಾವ ಕಾಲ, ಯಾವ ಊರು, ಯಾವ ಗೋತ್ರದವರು, ಯಾರ್ಯಾರ ಹೆಸರಿನಲ್ಲಿ ಈ ಪೂಜೆ ಎಂದು ದೇವರಿಗೆ ವಿಳಾಸ ಹೇಳುವುದು. ಅಜ್ಜ ಹೇಳುತ್ತಿದ್ದ ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ತೀರ ಬರುತ್ತಿತ್ತಂತೆ. ಟೆಕ್ಸಸ್ಸಿಗೆ ಗೋದಾವರಿಯನ್ನು ಎಲ್ಲಿಂದ ತರುವುದು? ಅಪ್ಪ ಎಂಜಿನಿಯರು, ತಪ್ಪು ವಿಳಾಸ ಹೇಳುವುದು ಅವನಿಗೆ ಆಗದ ಮಾತು. ಒಂದು ಭಾನುವಾರ ಅಟ್ಲಾಸ್ ಬಿಚ್ಚಿಕೊಂಡು ಕೂತ. ಅವನ ಜೊತೆ ಕೆಲಸ ಮಾಡುತ್ತಿದ್ದ ರಾವ್ ಅಂಕಲ್ ಮೈಸೂರಿನವರು, ಅವರೂ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತರು.

"ಬ್ರಾಜೋಸ್ ನಮಗೆ ಹತ್ತಿರದ ನದಿ ಕಣ್ರೀ. ಹತ್ತಿರದ್ದನ್ನೇ ಹೇಳಬೇಕು," ಎಂದರು ಅಂಕಲ್.

"ಬ್ರಾಜೋಸ್ ಯಾರಿಗೆ ಗೊತ್ತದರಿ? ಮಿಸಿಸಿಪ್ಪಿ ದೊಡ್ಡದು. ದೇವರಿಗೆ ಲಗೂನ ಗುರುತು ಸಿಗ್ತದ," ಎಂದ ಅಪ್ಪ.

ಅಂತೂ ಮಿಸಿಸಿಪ್ಪಿಯ ಪಶ್ಚಿಮ ತೀರ ನಮ್ಮ ಸಂಕಲ್ಪಕ್ಕೆ ಸೇರಿತು. ಸಾವಿರಾರು ವರ್ಷದ ಮಾತಿನಲ್ಲಿ ಗೋದಾವರಿಯನ್ನು ಒರೆಸಿ ಮಿಸಿಸಿಪ್ಪಿ ಹರಿಸುವುದಕ್ಕೆ ನಮ್ಮಪ್ಪನಿಗೆ ಒಂದು ಮಧ್ಯಾಹ್ನ ಮತ್ತು ಎರಡು ಕಪ್ ಚಹಾ ಸಾಕಾಯಿತು. ಇದನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದೆ ನನ್ನ ವಿಷಯ ಬಂದಾಗ ಅದೇ ಅಪ್ಪ, ಮಂತ್ರದೊಳಗ ನಾವು ಕೈ ಹಾಕಬಾರದು ಎಂದ.

ನದಿ ಆದ ಮೇಲೆ ಹೆಸರುಗಳು. ಅಪ್ಪನದು, ಅಮ್ಮನದು, ಅಣ್ಣನದು, ಕಡೆಗೆ ನನ್ನದು. ಶೈಲಾ ಎಂಬ ನನ್ನ ಹೆಸರನ್ನು ಶಾಲೆಯಲ್ಲಿ ಶೀಲಾ ಮಾಡಿ, ಶೆಲ್ಲಿ ಮಾಡಿ ಚಿಂದಿ ಉಡಾಯಿಸಿದ್ದರು. ಅಪ್ಪನ ಬಾಯಲ್ಲಿ ಆ ಕ್ಲಾಸೆಟ್ಟಿನೊಳಗಿಂದ ಅದು ಇಡಿಯಾಗಿ ಬರುತ್ತಿತ್ತು. ನಾನು ಹಬ್ಬಕ್ಕೆ ಕಾಯುತ್ತಿದ್ದದ್ದು ಹೋಳಿಗೆಗಲ್ಲ, ಆ ಒಂದು ಕ್ಷಣಕ್ಕೆ. ಈ ದೇಶದಲ್ಲಿ ನಾನು ಯಾರ ಪೈಕಿ ಎಂಬ ಪ್ರಶ್ನೆಗೆ ನನಗೆ ಸಿಗುತ್ತಿದ್ದ ಉತ್ತರ ಅದೊಂದೇ.

ಅಜ್ಜಿ, ಅಪ್ಪನ ತಾಯಿ, ಬೇಸಿಗೆಯಲ್ಲಿ ಬಂದರೆ ವೀಸಾ ಮುಗಿಯುವವರೆಗೂ ಇರುತ್ತಿದ್ದಳು. ಅಡುಗೆಮನೆಯ ಟೇಬಲ್ಲಿನ ಮೇಲೆ ನನಗೆ ಕನ್ನಡ ತಿದ್ದಿಸಿದವಳು ಅವಳೇ. ಅಣ್ಣ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ತಪ್ಪಿಸಿಕೊಂಡ, ನಾನು ಸಿಕ್ಕಿಬಿದ್ದೆ. ಒಂದು ದಿನ ಅವಳ ಮುಂದೆ ಅವರೆಕಾಯಿ ಸುಲಿಯುತ್ತಾ, ಅಪ್ಪ ತನ್ನ ತಂಗಿಯ ಹೆಸರನ್ನು ಸಂಕಲ್ಪದಲ್ಲಿ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ.

"ಆಕಿ ಲಗ್ನಾಗಿ ಹೋದ್ಲಲ್ಲ. ಆಕಿ ಹೆಸರು ಈಗ ಆಕಿ ಗಂಡನ ಮನಿ ಸಂಕಲ್ಪದಾಗ ಬರ್ತದ."

"ಹಂಗಾದ್ರ ಇಲ್ಲಿ ಆಕಿಗೇನೂ ಇಲ್ಲೇನು?"

"ಯಾಕಿಲ್ಲ? ಬಂದಾಗೆಲ್ಲಾ ಉಡಿ ತುಂಬಿ ಕಳಸ್ತೀವಲ್ಲ. ಹೆಣ್ಣಮಗಳನ್ನ ಹಂಗ ಬರೇ ಕೈಲೆ ಬಿಡೂದಿಲ್ಲವ್ವ."

ಉಡಿ ತುಂಬುವುದನ್ನು ನಾನು ನೋಡಿಯೇ ಬೆಳೆದವಳು. ಮದುವೆಯಾದ ಹೆಣ್ಣು ತವರಿನಿಂದ ಹೊರಡುವಾಗ, ಹಬ್ಬಕ್ಕೆ ಬಂದ ಮುತ್ತೈದೆಯರು ಎದ್ದು ನಿಂತಾಗ, ಸೆರಗು ಒಡ್ಡಿಸಿಕೊಂಡು ಅದರೊಳಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಎಲೆ ಅಡಿಕೆ, ಒಂದು ಕುಪ್ಪಸದ ಖಣ ಹಾಕುವುದು. ಖಣಗಳಿಗೆಂದೇ ಅಮ್ಮನ ಬಳಿ ಒಂದು ಹಳೆಯ ಸೂಟ್‌ಕೇಸ್ ಇತ್ತು. ಆ ಖಣಗಳನ್ನು ಯಾರೂ ಹೊಲಿಸುತ್ತಿರಲಿಲ್ಲ. ಕ್ಲಿಯರ್ ಲೇಕ್‌ನಲ್ಲಿ ಕೊಟ್ಟದ್ದು ಪಕ್ಕದ ಊರು ಕೇಟಿಗೆ ಹೋಗಿ, ಶುಗರ್ ಲ್ಯಾಂಡ್ ಸುತ್ತಿ, ಮುಂದಿನ ವರ್ಷ ಯಾರದೋ ಕೈಯಿಂದ ನಮ್ಮ ಮನೆಗೇ ವಾಪಸು ಬರುತ್ತಿತ್ತು. ಅಮ್ಮ ಅದನ್ನು ಗುರುತು ಹಿಡಿದು ನಗುತ್ತಿದ್ದಳು. ನಗಲಿ, ಆದರೆ ಕೊಡುವುದನ್ನು ಮಾತ್ರ ಒಂದು ಸಲವೂ ತಪ್ಪಿಸಿದವಳಲ್ಲ. ಹೀಗೆ ನನಗೆ ಹುಡುಗಿಯಾಗಿದ್ದಾಗಲೇ ಒಂದು ನಿಯಮ ಮನವರಿಕೆಯಾಯಿತು: ಈ ಮನೆಯ ಹೆಣ್ಣಿಗೆ ಮದುವೆಯಾಗುವ ತನಕ ಹೆಸರು, ಆದ ಮೇಲೆ ಉಡಿ. ಆ ನಿಯಮ ನನಗೆ ಪೂರ್ತಿ ಒಪ್ಪಿಗೆಯಾಗಿತ್ತು ಎಂದಲ್ಲ. ಆದರೆ ನಿಯಮ ಅಂದರೆ ನಿಯಮ ಎಂದು ನಂಬಿದ್ದೆ.

ನಮ್ಮ ಬೀದಿಯ ಮೂಲೆಮನೆಯಲ್ಲಿ ಇಬ್ಬರು ಗಂಡಸರು ಸಂಸಾರ ಮಾಡಿಕೊಂಡಿದ್ದರು. ಅಪ್ಪನ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟರೆ ರಿಪೇರಿ ಮಾಡಿಕೊಡುತ್ತಿದ್ದವರು ಅವರು. ಒಂದು ಬಿರುಗಾಳಿಗೆ ಇಡೀ ಬೀದಿಯ ಕರೆಂಟು ಹೋದಾಗ ಅಮ್ಮನ ದೋಸೆಹಿಟ್ಟು, ಮೊಸರು ಎಲ್ಲ ಉಳಿದದ್ದು ಅವರ ಜನರೇಟರಿನ ದೆಸೆಯಿಂದ, ಅವರ ಫ್ರಿಜ್ಜಿನಲ್ಲಿ. ದೀಪಾವಳಿಗೆ ಅವರ ಮನೆಗೆ ಚಕ್ಕಲಿ, ಉಂಡೆ ಹೋಗುತ್ತಿತ್ತು. ಕೊಡಲು ಹೋಗುತ್ತಿದ್ದವಳು ನಾನು. ಅವರ ಮನೆಯೊಳಗೆ ಒಬ್ಬರು ಅಡುಗೆ ಮಾಡುತ್ತಿದ್ದರೆ ಇನ್ನೊಬ್ಬರು ಪೇಪರ್ ಓದಿ ಹೇಳುತ್ತಿದ್ದರು, ಅಷ್ಟೇ. ನಮ್ಮ ಮನೆಗಿಂತ ಗಲಾಟೆ ಕಡಿಮೆ. ಒಂದು ದಿನ ಊಟದ ಹೊತ್ತಿಗೆ ಅಣ್ಣ, ಅವರಿಬ್ಬರೂ ಗಂಡಹೆಂಡತಿ ಇದ್ದಂತೆಯೇ ಎಂದು ಶಾಲೆಯಲ್ಲಿ ಎಲ್ಲರೂ ನಗುತ್ತಾರೆ ಎಂದ. ಅಪ್ಪ ಅವನಿಗೆ ಗದರಿದ.

"ನಗಬ್ಯಾಡ. ಅವರು ಒಳ್ಳೇ ಮಂದಿ. ಅವರ ಮನಿ ಅವರದು."

"ಹೌದು, ಅವರ ದೇಶ, ಅವರ ರೀತಿ," ಎಂದು ಅಮ್ಮ ಭಕ್ಕರಿ ಹಾಕಿದಳು. "ಪುಣ್ಯಾ, ನಮ್ಮವರಾಗ ಇಂಥಾದ್ದಿಲ್ಲ."

ನಾನು ಅದೇ ಟೇಬಲ್ಲಿನಲ್ಲಿ, ಅವಳ ಕೈಗೆ ಎಟಕುವಷ್ಟು ಹತ್ತಿರ ಕೂತಿದ್ದೆ. ನನ್ನ ಬಗ್ಗೆ ನನಗೆ ಆಗಲೇ ಗೊತ್ತಿತ್ತು. ಅದಕ್ಕೆ ಏನನ್ನುತ್ತಾರೆಂದು ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ಅಪ್ಪನ ಆ ಗದರಿಕೆ ಕೇಳಿ ಎಂಥ ಧೈರ್ಯ ಬಂದಿತ್ತೋ, ಅಮ್ಮನ ಆ ಒಂದು ಮಾತಿಗೆ ಅಷ್ಟೂ ಇಳಿದುಹೋಯಿತು. ಇವರ ಉದಾರತನ ಬೀದಿಯ ಮೂಲೆಯವರೆಗೆ ಮಾತ್ರ, ಹೊಸಿಲು ದಾಟಿ ಒಳಗೆ ಬರುವುದಿಲ್ಲ ಎಂದು ಅವತ್ತು ತಿಳಿಯಿತು. ಈಗಲೂ ಸಿಟ್ಟು ಬರುತ್ತದೆ. ಪಕ್ಕದ ಮನೆಯವರ ಬಗ್ಗೆ ಒಳ್ಳೆಯವರಾಗುವುದಕ್ಕೆ ಖರ್ಚೇನಿದೆ?

ಮುಂದೆ ಓದಿ, ಕೆಲಸ ಹಿಡಿದು ಆಸ್ಟಿನ್ನಿಗೆ ಹೋದೆ. ಅಲ್ಲಿ ಮೆಗನ್ ಸಿಕ್ಕಳು. ಡಾಲಸ್ ಕಡೆಯವಳು, ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆಯ ಮಗಳು, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ವರ್ಷಗಟ್ಟಲೆ ಜೊತೆಗಿದ್ದ ಮೇಲೆ, ಕಾನೂನು ಹೌದೆಂದ ಮೇಲೆ, ಒಂದು ವಸಂತದಲ್ಲಿ ಗೆಳತಿಯೊಬ್ಬಳ ಹಿತ್ತಲಿನಲ್ಲಿ ಮದುವೆಯಾದೆವು. ಮೆಗನ್‌ಳ ಅಪ್ಪ ಫೋನಿನಲ್ಲಿ, ನನ್ನ ದೇವರು ಇದನ್ನು ಒಪ್ಪುವುದಿಲ್ಲ, ನಾನು ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಅವಳು ವಾರವಿಡೀ ಅತ್ತಳು. ನಮ್ಮ ಮನೆಯಲ್ಲಿ ಹಾಗೆಲ್ಲ ಯಾರೂ ಹೇಳಲಿಲ್ಲ. ಅಪ್ಪನಿಗೆ ಬೆನ್ನುನೋವು, ಅಷ್ಟು ದೂರ ಕಾರಿನಲ್ಲಿ ಕೂರಲಿಕ್ಕಾಗದು ಎಂದಳು ಅಮ್ಮ. ಮುಂದಿನ ತಿಂಗಳು ಅದೇ ಬೆನ್ನು ಇಟ್ಟುಕೊಂಡು ಅಪ್ಪ ರಾವ್ ಅಂಕಲ್ ಮಗನ ಮದುವೆಗೆ, ಆಸ್ಟಿನ್ನಿಗಿಂತ ದೂರದ ಡಾಲಸ್ಸಿನವರೆಗೆ ತಾನೇ ಡ್ರೈವ್ ಮಾಡಿಕೊಂಡು ಹೋದ. ಅಣ್ಣ ಮಾತ್ರ ಬಂದ. ಬಂದು, ತಬ್ಬಿಕೊಂಡು, ಊಟ ಚೆನ್ನಾಗಿದೆ ಎಂದು ಹೇಳಿ, ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಬೇಡ ಎಂದು ಕಿವಿಯಲ್ಲಿ ಹೇಳಿ ಹೋದ. ಆಗ ಮೆಗನ್‌ಳ ಅಪ್ಪನ ಮೇಲೆ ನನಗೆ ಒಂದು ಬಗೆಯ ಗೌರವವೇ ಹುಟ್ಟಿತು.

ಆ ವರ್ಷದ ಶ್ರಾವಣದ ಪೂಜೆಗೆ ಇಬ್ಬರನ್ನೂ ಅಮ್ಮನೇ ಕರೆದಳು. ಮೆಗನ್‌ಗೆ ಖಾರ ಆಗದೆಂದು ಬೇರೆ ಪಲ್ಯ ಮಾಡಿದ್ದಳು, ಅವಳ ತಟ್ಟೆಗೆ ತಾನೇ ತುಪ್ಪ ಹಾಕಿದಳು. ಅದಕ್ಕೆ ಮುಂಚೆ ಪೂಜೆ. ಕ್ಲಾಸೆಟ್ಟಿನ ಹೊರಗೆ ಕಾರ್ಪೆಟ್ಟಿನ ಮೇಲೆ ಅಮ್ಮ, ಅಣ್ಣ, ವೈನಿ ಅಂದರೆ ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ನಾನು, ಮೆಗನ್. ಮಿಸಿಸಿಪ್ಪಿ ಬಂತು, ಗೋತ್ರ ಬಂತು. ಅಪ್ಪ, ಅಮ್ಮ, ಅಣ್ಣ, ವೈನಿ, ಮಕ್ಕಳು. ಅಲ್ಲಿಗೆ ನಿಂತಿತು. ನನ್ನ ಹೆಸರು ಬರಲಿಲ್ಲ. ಮಂಗಳಾರತಿ ಆದ ಮೇಲೆ ಕೇಳಿದೆ.

"ಅಪ್ಪಾ, ನನ್ನ ಹೆಸರು ಬಿಟ್ಟಿಯಲ್ಲ?"

ಅವನು ನನ್ನ ಕಡೆ ನೋಡದೆ ತೀರ್ಥದ ಬಟ್ಟಲು ಎತ್ತಿಕೊಂಡ. "ಲಗ್ನಾದ ಹುಡುಗಿ ಹೆಸರು ತವರಮನಿ ಸಂಕಲ್ಪದಾಗ ಹೇಳೂದಿಲ್ಲವ್ವ. ನಿನಗ ಗೊತ್ತದಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆ ತುಂಬಿ ಬಂತು. ಲಗ್ನಾದ ಹುಡುಗಿ ಅಂದನಲ್ಲ! ಮದುವೆಗೆ ಬಾರದ ಅಪ್ಪ ದೇವರ ಮುಂದೆ ಕೂತು ನನ್ನ ಮದುವೆ ಆಗಿದೆ ಎಂದು ಒಪ್ಪಿಕೊಂಡನಲ್ಲ! ಮೆಗನ್‌ಗೆ ಅಡುಗೆಮನೆಯಲ್ಲಿ ಇದನ್ನು ಹೇಳಿ ಕುಣಿದಾಡುವುದೊಂದು ಬಾಕಿ. ಅವಳೂ ಹಿಗ್ಗಿದಳು. ಇಡೀ ಮಧ್ಯಾಹ್ನ ನಾನು ಅಮ್ಮನ ಹಿಂದೆ ಮುಂದೆ ಸುಳಿದಾಡಿ ಪಾತ್ರೆ ತೊಳೆದೆ, ನೆಲ ಒರೆಸಿದೆ. ಹೊರಡುವ ಹೊತ್ತಾಯಿತು. ಅಮ್ಮ ಅಕ್ಕಿಯ ತಟ್ಟೆ ತಂದಳು. ವೈನಿಗೆ ಉಡಿ ತುಂಬಿದಳು. ಪ್ರಸಾದಕ್ಕೆಂದು ಬಂದಿದ್ದ ರಾವ್ ಆಂಟಿಗೆ ತುಂಬಿದಳು. ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದೆ. ಅಮ್ಮ ತಟ್ಟೆಯನ್ನು ಒಳಗಿಟ್ಟು ಬಂದು ನನ್ನ ಕೈಗೆ ಒಂದು ಡಬ್ಬಿ ಕೊಟ್ಟಳು, ನಿಂಬೆಕಾಯಿ ಉಪ್ಪಿನಕಾಯಿ.

"ಅಮ್ಮಾ, ನನಗ ಉಡಿ?"

"ಅದು ಲಗ್ನಾದವರಿಗವ್ವ," ಎಂದಳು ಅಮ್ಮ, ಮೆತ್ತಗೆ, ನನಗೆ ನೋವಾಗಬಾರದೆಂಬ ದನಿಯಲ್ಲಿ.

ಅವತ್ತು ಆಸ್ಟಿನ್ ತಲುಪುವವರೆಗೆ ನಾನು ಕಾರಿನಲ್ಲಿ ಕೂಗಾಡಿದೆ. ಮೆಗನ್ ಪಾಪ ಕೇಳಿಸಿಕೊಳ್ಳುತ್ತಾ ಡ್ರೈವ್ ಮಾಡಿದಳು. ಹೆಸರು ತೆಗೆಯುವುದಕ್ಕೆ ನನ್ನ ಮದುವೆ ಆಗಿದೆ, ಅಕ್ಕಿ ಕೊಡುವುದಕ್ಕೆ ಆಗಿಲ್ಲ! ಒಂದೇ ದಿನ, ಒಂದೇ ಮನೆಯಲ್ಲಿ, ಗಂಡಹೆಂಡತಿ ಇಬ್ಬರೂ ಹಂಚಿಕೊಂಡು ನನ್ನನ್ನು ಎರಡೂ ಕಡೆಯಿಂದ ತಳ್ಳಿದರು. ಅಪ್ಪ ಅಮ್ಮ ಕೂತು ಮಾತಾಡಿಕೊಂಡು ಮಾಡಿದ್ದೂ ಅಲ್ಲ. ಇಬ್ಬರಿಗೂ ಅವರವರ ಬಾಗಿಲು ಮುಚ್ಚುವುದು ಗೊತ್ತಿತ್ತು, ಅಷ್ಟೇ. ಅಜ್ಜಿ ಆ ಹೊತ್ತಿಗೆ ತೀರಿಕೊಂಡಿದ್ದಳು. ಇದ್ದಿದ್ದರೆ ನನ್ನ ಪರ ನಿಲ್ಲುತ್ತಿದ್ದಳು ಎಂದು ಸತ್ತವರನ್ನು ಎಳೆದು ತಂದು ಸಾಕ್ಷಿ ಹೇಳಿಸಲಾರೆ. ಬಹುಶಃ ಅವಳೂ ಉಪ್ಪಿನಕಾಯಿಯನ್ನೇ ಕೊಡುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಅಣ್ಣ ಫುಲ್‌ಶೀರ್‌ನಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡ. ಅವನ ಬಗ್ಗೆ ಒಂದು ಮಾತು ಹೇಳಬೇಕು. ಜೂನ್ ತಿಂಗಳು ಬಂದರೆ, ನಮ್ಮಂಥವರ ಪರ ಎಂದು ತೋರಿಸಲು, ಅವನ ಆಫೀಸಿನ ಫೋಟೋಕ್ಕೆ ಕಾಮನಬಿಲ್ಲಿನ ಅಂಚು ಬರುತ್ತದೆ. ಎಲ್ಲರೂ ಸಮಾನರು ಎಂದು ಮೀಟಿಂಗಿನಲ್ಲಿ ಭಾಷಣ ಕೂಡ ಮಾಡಿದ್ದಾನಂತೆ, ನನ್ನ ತಂಗಿಯೂ ಅಂಥವಳೇ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾನಂತೆ. ಅಂಥವನು ಫೋನ್ ಮಾಡಿದ.

"ಶೈಲಾ, ನೀವಿಬ್ಬರೂ ಸಂಡೇ ಬರ್ರಿ. ಆರಾಮ ಕೂತು ಮಾತಾಡೂಣು."

"ಗೃಹಪ್ರವೇಶ ಶನಿವಾರ ಅಲ್ಲೇನು?"

"ಶನಿವಾರ ಹುಬ್ಬಳ್ಳಿಯಿಂದ ಇವಳ ಅಪ್ಪ ಅಮ್ಮ ಬಂದಿರ್ತಾರ, ಆಚಾರ್ರು ಇರ್ತಾರ. ನನಗೇನೂ ಪ್ರಾಬ್ಲೆಮ್ ಇಲ್ಲ, ನಿನಗ ಗೊತ್ತದ. ಅಪ್ಪ ಅಮ್ಮಗ ಆಕ್ವರ್ಡ್ ಆಗ್ತದ. ಆ ಜನರೇಶನ್ ಹಂಗ, ಏನ್ ಮಾಡೂದು?"

ಫೋನ್ ಇಟ್ಟು ನೇರವಾಗಿ ಅಪ್ಪನಿಗೆ ಫೋನ್ ಮಾಡಿದೆ. ನಾನು ಬಂದರೆ ನಿಮಗೆ ಮುಜುಗರವೇ ಎಂದು ಕೇಳಿದೆ.

"ನನಗೇನು ಮುಜುಗರ?" ಎಂದ ಅಪ್ಪ. "ನಮ್ಮದೇನು, ವಯಸ್ಸಾತು. ಪ್ರಶಾಂತನ ಮಕ್ಕಳು ದೊಡ್ಡವಾಗ್ಲಿಕ್ಕತ್ತಾವ, ಅವಕ್ಕ ಏನಂತ ಹೇಳೂದು ಅಂತ ಅವಗ ಚಿಂತಿ. ಅವರ ಕಾಲದ್ದು ಅವರಿಗೆ ಬಿಟ್ಟದ್ದವ್ವ."

ಇದು ನೋಡಿ ನಮ್ಮವರ ಜಾಣತನ. ದೊಡ್ಡವರು ಚಿಕ್ಕವರ ಹಿಂದೆ, ಚಿಕ್ಕವರು ದೊಡ್ಡವರ ಹಿಂದೆ. ಹಳೆಯ ಕಾಲದವರು ಬದಲಾಗಬೇಕು, ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ಸಮಾಧಾನ ಹೇಳಿದವರೆಷ್ಟೋ. ಏನು ಸರಿಹೋಗುವುದು? ಅಪ್ಪನಿಗೆ ಮಂತ್ರದ ನೆಪವಿತ್ತು, ಅಣ್ಣನಿಗೆ ಅಪ್ಪನ ನೆಪ. ನಂಬಿಕೆಯಿಂದ ಬೇಡ ಎನ್ನುವವರ ಜೊತೆ ವಾದ ಮಾಡಬಹುದು. ತನಗೆ ಯಾವ ನಂಬಿಕೆಯೂ ಇಲ್ಲದೆ, ಇನ್ನೊಬ್ಬರ ನಂಬಿಕೆಯನ್ನು ಅಡ್ಡ ಹಿಡಿದುಕೊಂಡು ಬೇಡ ಎನ್ನುವವನಿಗೆ ಏನು ಹೇಳುವುದು? ಗೃಹಪ್ರವೇಶಕ್ಕೆ ನಾವು ಶನಿವಾರವೂ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ.

ಮತ್ತೆ ಶ್ರಾವಣ ಬಂತು, ಮತ್ತೆ ಅಮ್ಮ ಕರೆದಳು. ಈ ಸಲ ನಾನು ತೀರ್ಮಾನ ಮಾಡಿಕೊಂಡೇ ಹೋದೆ. ಅಪ್ಪ ಮಣೆಯ ಮೇಲೆ ಕೂತು ಆಚಮನಕ್ಕೆ ನೀರು ತೆಗೆದುಕೊಳ್ಳುವಾಗ ಕ್ಲಾಸೆಟ್ಟಿನ ಬಾಗಿಲಿಗೆ ಹೋಗಿ ನಿಂತೆ.

"ಅಪ್ಪಾ, ನನ್ನ ಲಗ್ನಾಗೇದ ಅಂದ್ರ ಅಮ್ಮ ನನಗ ಉಡಿ ತುಂಬಲಿ. ಆಗಿಲ್ಲ ಅಂದ್ರ ನನ್ನ ಹೆಸರು ಹೇಳು. ಎರಡರಾಗ ಒಂದು ಇವತ್ತು ಆಗಬೇಕು."

"ಪೂಜಿ ಹೊತ್ತಿನ್ಯಾಗ ಏನಿದು ಶೈಲಾ? ಮಂತ್ರದೊಳಗ ನಾವು ಕೈ ಹಾಕಬಾರದು."

"ಗೋದಾವರಿ ತಗದು ಮಿಸಿಸಿಪ್ಪಿ ಹಾಕಿದಾಗ ಕೈ ಎಲ್ಲಿತ್ತಪ್ಪಾ?"

ಅಪ್ಪ ದೇವರ ಕಡೆ ತಿರುಗಿ ಅಂಗೈಗೆ ನೀರು ಹಾಕಿಕೊಂಡ. ಆಮೇಲೆ ಸಂಕಲ್ಪ ಶುರುಮಾಡಿದ. ಕಾಲ, ದೇಶ, ನದಿ, ಗೋತ್ರ. ಅವನು, ಅಮ್ಮ, ಅಣ್ಣ, ವೈನಿ, ಮಕ್ಕಳು. ಕಡೆಗೆ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ನನ್ನ ಹೆಸರು ಹೇಳಿದ. ಅಮ್ಮ ಕಣ್ಣೊರೆಸಿಕೊಂಡಳು. ಅಣ್ಣ ನನ್ನ ಬೆನ್ನು ತಟ್ಟಿದ, ಆಯಿತಲ್ಲ, ಇನ್ನೇನು ಎನ್ನುವಂತೆ. ಪಕ್ಕದಲ್ಲಿ ಮೆಗನ್ ಕೈ ಮುಗಿದು ಕೂತಿದ್ದಳು. ನನ್ನ ಹೆಸರು ಗುರುತು ಹಿಡಿದು ಅವಳು ನನ್ನ ಕಡೆ ತಿರುಗಿ ನಕ್ಕಳು. ಆ ನಗು ನೋಡಿದ ಮೇಲೆ ನನಗೆ ಗೊತ್ತಾಯಿತು, ಅಪ್ಪ ಕೊಟ್ಟದ್ದು ಏನು ಎಂದು. ಅವಳ ಮುಂದೆ, ಅವಳಿಗೆ ತಿಳಿಯದ ಭಾಷೆಯಲ್ಲಿ, ನನ್ನನ್ನು ಮದುವೆಯಾಗದ ಹುಡುಗಿ ಎಂದು ದೇವರಿಗೆ ಹೇಳಿದ್ದ. ಅವಳು ಅದಕ್ಕೆ ಕೈ ಮುಗಿದಿದ್ದಳು. ಎರಡರಲ್ಲಿ ಒಂದು ಎಂದು ಕೇಳಿದವಳು ನಾನೇ. ಆದರೆ ಇದನ್ನು ತೆಗೆದುಕೊಳ್ಳುವುದು ನನ್ನಿಂದಾಗಲಿಲ್ಲ.

"ಅಪ್ಪಾ, ನನ್ನ ಹೆಸರು ತಗಿ," ಎಂದೆ. "ನನ್ನ ಲಗ್ನಾಗೇದ."

ತಪ್ಪಿದ ಸಂಕಲ್ಪವನ್ನು ನಡುವಿನಿಂದ ತಿದ್ದುವ ಹಾಗಿಲ್ಲ, ಮೊದಲಿನಿಂದ ಹೇಳಬೇಕು. ಅಪ್ಪ ಮತ್ತೆ ನೀರು ಹಿಡಿದು ಮೊದಲಿನಿಂದ ಹೇಳಿದ. ಮಕ್ಕಳ ಹೆಸರಿಗೆ ನಿಲ್ಲಿಸಿದ. ಪೂಜೆ ಮುಗಿಯಿತು. ನಾನು ಎದ್ದು ಊಟದ ಕೋಣೆಗೆ ಹೋಗಿ, ಅಕ್ಕಿಯ ತಟ್ಟೆ ಇಟ್ಟಿದ್ದ ಮೇಜಿನ ಪಕ್ಕ ಸೆರಗು ಒಡ್ಡಿ ನಿಂತುಕೊಂಡೆ. ಮೆಗನ್ ಏನೆಂದು ಕೇಳಲಿಲ್ಲ, ಬಂದು ಜೊತೆಗೆ ನಿಂತಳು.

"ಮೊದಲ ಊಟ ಆಗ್ಲಿ, ಶೈಲಾ. ಹುಡುಗರು ಹಸಿದಾವ," ಎಂದಳು ಅಮ್ಮ.

"ಆಗ್ಲಿ ಅಮ್ಮಾ. ನೀವು ಮಾಡ್ರಿ. ನಾ ನಿಂತಿರ್ತೀನಿ."

ಅವರು ಕೂತರು. ಎಲೆ ಹಾಕಿದ್ದಾಗಿತ್ತು, ಕೋಸಂಬರಿ, ಪಲ್ಯ, ಅನ್ನ ಬಡಿಸಿದ್ದಾಗಿತ್ತು. ಅಪ್ಪ ತಲೆ ತಗ್ಗಿಸಿ ಎಲೆಯ ಸುತ್ತ ನೀರು ಬಿಟ್ಟ. ಅಮ್ಮ ಮಾತ್ರ ಕೂರಲಿಲ್ಲ. ಬಡಿಸುವವಳಂತೆ ಅತ್ತಿತ್ತ ಓಡಾಡಿ ಕಡೆಗೆ ನನ್ನ ಮುಂದೆ ಬಂದು ನಿಂತಳು. ನನ್ನ ಮುಖ ನೋಡಿದಳು, ಮೆಗನ್‌ಳ ಮುಖ ನೋಡಿದಳು. ಕೈ ಚಾಚಿ ಅಕ್ಕಿಯ ತಟ್ಟೆ ಎತ್ತಿಕೊಂಡಳು. ಕಾಯಿ ಅಲುಗಾಡಿ ತಟ್ಟೆಯ ಅಂಚಿಗೆ ತಾಗಿದ್ದು ನನಗೆ ಕೇಳಿಸಿತು. ನಾನು ಸೆರಗನ್ನು ಇನ್ನಷ್ಟು ಅಗಲ ಹಿಡಿದೆ.

"ಅಮ್ಮಾ, ಸಾರು," ಎಂದ ಅಣ್ಣ, ತಲೆ ಎತ್ತದೆ.

ಅಮ್ಮ ತಟ್ಟೆ ಕೆಳಗಿಟ್ಟು ಸಾರಿನ ಪಾತ್ರೆ ತರಲು ಒಳಗೆ ಹೋದಳು.